ತೋನ್ಸೆಪಾರಿನ ಕಲ್ಲುಕಂಬಗಳು

ಮಲ್ಪೆ ಬಂದರಿನಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಆರು ಕಿಲೋಮೀಟರ್ ಆಸುಪಾಸು. ಊರವರಿಗೆ ಇದು ತೋನ್ಸೆಪಾರ್. ಮಳೆಗಾಲದಲ್ಲಿ ದೋಣಿ ಓಡುವುದಿಲ್ಲ. ಉಳಿದ ದಿನಗಳಲ್ಲಿ ಬಂದಿಳಿಯುವವರು ತೆಂಗಿನ ನೆರಳು ಹುಡುಕುತ್ತಾರೆ, ಚಿಪ್ಪು ಆಯುತ್ತಾರೆ, ಕಂಬಗಳ ಮೇಲೇರಿ ಫೋಟೊ ತೆಗೆಸಿಕೊಳ್ಳುತ್ತಾರೆ. ಒತ್ತೊತ್ತಾಗಿ ನಿಂತ ಆ ಕಲ್ಲುಕಂಬಗಳಿಂದಾಗಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವುದು.

ಈ ಕಂಬಗಳು ಮೂಡಿದ್ದು ಲಾವಾ ಆರುವಾಗ. ಲಾವಾ ಗಟ್ಟಿಯಾದ ಮೇಲೂ ನೂರಾರು ಡಿಗ್ರಿ ಬಿಸಿಯಿರುತ್ತದೆ. ಆರುತ್ತ ಅದು ಕುಗ್ಗಬೇಕು. ಆದರೆ ಅಷ್ಟಗಲದ ಹಾಸು ಇಡಿಯಾಗಿ ಒಳಕ್ಕೆ ಸರಿಯಲಾರದು, ಅಲ್ಲಲ್ಲೇ ಬಿರಿಯುತ್ತದೆ. ಮೇಲ್ಮೈಯ ಮೊದಲ ಬಿರುಕುಗಳಿಗೆ ಅಂಥ ಶಿಸ್ತಿಲ್ಲ. ಒಂದು ಇನ್ನೊಂದಕ್ಕೆ ಅಡ್ಡ ಹೋಗಿ ನಿಂತುಬಿಡುತ್ತದೆ. ತಂಪು ಕೆಳಕ್ಕಿಳಿದಂತೆ ಬಿರುಕೂ ಬೆನ್ನಿಗೇ ಇಳಿಯುತ್ತದೆ, ಇಳಿಯುತ್ತ ದಾರಿ ತಿದ್ದಿಕೊಳ್ಳುತ್ತದೆ. ಮೂರು ಬಿರುಕು ಕೂಡುವಲ್ಲಿ ಕೋನಗಳು 120 ಡಿಗ್ರಿಯತ್ತ ಸರಿಯುತ್ತವೆ. ಎಳೆತ ಎಲ್ಲ ಕಡೆಗೂ ಸಮನಾಗಿ ಸಡಿಲವಾಗುವುದು ಆಗಲೇ. ಷಡ್ಭುಜ ಮೂಡುವುದು ಹೀಗೆ. ಪಾಠಪುಸ್ತಕದ ಚಿತ್ರದಷ್ಟು ಅಚ್ಚುಕಟ್ಟೇನೂ ಅಲ್ಲ, ಐದು, ಏಳು ಮುಖದವೂ ಧಾರಾಳವಾಗಿವೆ. ನಿಧಾನವಾಗಿ ಆರಿದರೆ ಕಂಬ ದಪ್ಪ, ಬೇಗ ಆರಿದರೆ ಸಪೂರ. ಕಾರ್ನ್‌ಫ್ಲೋರನ್ನು ನೀರಲ್ಲಿ ಕಲಸಿ ದೀಪದಡಿ ಒಣಗಲು ಬಿಟ್ಟರೆ ಇಂಥವೇ ಪುಟಾಣಿ ಕಂಬಗಳು ಏಳುತ್ತವೆ. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಈ ಬಿರುಕಿನ ನಡೆಯನ್ನು ಅಭ್ಯಸಿಸಿದ್ದೂ ಹಾಗೆಯೇ. ಅಲ್ಲಿ ಹೊರಹೋಗುವುದು ಶಾಖವಲ್ಲ, ನೀರು. ಕುಗ್ಗುವ ಲೆಕ್ಕ ಮಾತ್ರ ಒಂದೇ.

ಈ ಕಲ್ಲನ್ನು ರೂಢಿಯಲ್ಲಿ ಬಸಾಲ್ಟ್ ಎನ್ನುತ್ತಾರೆ. ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲಿನ, ಅಂದರೆ ದಖ್ಖನ್ ಲಾವಾದ, ಬಳಗಕ್ಕೆ ಸೇರಿಸಿಬಿಡುವವರೂ ಉಂಟು. ನನ್ನ ತಕರಾರು ಇಲ್ಲೇ. ರಾಸಾಯನಿಕವಾಗಿ ನೋಡಿದರೆ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್, ರಯೋಡಸೈಟ್ ಜಾತಿಯ ಜ್ವಾಲಾಮುಖಿ ಶಿಲೆ. ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇದರ ವಯಸ್ಸು 8.5ರಿಂದ 9 ಕೋಟಿ ವರ್ಷ. ಆಗ, ಈಗ ಕಡಲಿರುವ ಪಡುವಣ ದಿಕ್ಕಿನಲ್ಲಿ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಎರಡೂ ಸೀಳಿ ಬೇರೆಯಾಗುವ ಹೊತ್ತಿಗೆ ಕೆಳಗಿನಿಂದ ಉಕ್ಕಿದ ಶಿಲಾರಸದ ಗುರುತು ಈ ಕಂಬಗಳು. ಅದೇ ಕಾಲದ ಲಾವಾಶಿಲೆ ಮಡಗಾಸ್ಕರ್‌ನ ಪೂರ್ವ ಕರಾವಳಿಯಲ್ಲೂ ಇದೆ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದನೆಂಬ ಕಥೆಯನ್ನು ಪ್ರವಾಸಿಗರಿಗೆ ತಪ್ಪದೆ ಹೇಳುವವರು ಇದನ್ನೂ ಸ್ವಲ್ಪ ಹೇಳಬಹುದಿತ್ತು.