ಜಾರಿದ ದಿನ ಮನೆಯವರು ಏನು ಹೇಳ್ತೀರಿ?

2025ರ ಜುಲೈನಲ್ಲಿ ಮುಂಬೈ ಪೊಲೀಸರು ಬಂದು ನಮ್ಮ ಮೈಸೂರಿನ ರಿಂಗ್ ರಸ್ತೆ ಪಕ್ಕದಲ್ಲೇ ಎಂಡಿ ಡ್ರಗ್ಸ್ ತಯಾರಿಸುವ ಘಟಕ ಹಿಡಿದರು. ನೂರಾರು ಕೋಟಿಯ ಮಾಲು ಅಂತ ನಾವೆಲ್ಲ ದಿನವಿಡೀ ಬ್ರೇಕಿಂಗ್ ನ್ಯೂಸ್ ಓಡಿಸಿದೆವು. ಆ ರಾತ್ರಿ ಒಬ್ಬ ತಾಯಿ ಫೋನ್ ಮಾಡಿದರು. "ಫ್ಯಾಕ್ಟರಿ ಹಿಡಿದ್ರು, ಸಂತೋಷ. ನನ್ನ ಮಗ ಕುಡಿತ ಬಿಡೋಕೆ ಮೂರು ತಿಂಗಳು ವ್ಯಸನಮುಕ್ತಿ ಕೇಂದ್ರದಲ್ಲಿದ್ದ. ಮನೆಗೆ ಬಂದ ಐದನೇ ದಿನಕ್ಕೇ ಮತ್ತೆ ಕುಡಿದ. ಸಾಲ ಮಾಡಿ ಕಟ್ಟಿದ ದುಡ್ಡು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಇನ್ನೇನು ಮಾಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ವೈದ್ಯರನ್ನು ಕೇಳಿದೆ. ತಿಳಿದದ್ದು ಇದು.

ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿ ಮತ್ತೆ ಜಾರುತ್ತಾರೆ ಅನ್ನೋದು ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಸಂಶೋಧನಾ ಸಂಸ್ಥೆಯ ಅಂದಾಜು. ಬಿಪಿ, ಆಸ್ತಮಾ ಮರುಕಳಿಸುವ ಪ್ರಮಾಣವೂ ಇದಕ್ಕಿಂತ ಕಡಿಮೆಯೇನಲ್ಲ. ಬಿಪಿ ಮತ್ತೆ ಏರಿತು ಅಂತ ಅಪ್ಪನನ್ನ ಮನೆಯಿಂದ ಹೊರಗೆ ಹಾಕ್ತೀವಾ?

ನಾನು ಇಂಜಿನಿಯರಿಂಗ್ ಓದಿದವನು. ಚಟ ಅಂದ್ರೆ ಮೊಬೈಲ್‌ನಲ್ಲಿರೋ ಆ್ಯಪ್, ಅಳಿಸಿದರೆ ಮುಗೀತು ಅಂದುಕೊಂಡಿದ್ದೆ. ಹಾಗಲ್ಲ. ಮಿದುಳು ಸುಖವನ್ನಷ್ಟೇ ಅಲ್ಲ, ಸುಖದ ವಿಳಾಸವನ್ನೂ ಬರೆದಿಟ್ಟುಕೊಳ್ಳುತ್ತೆ. ಸಂಜೆ ಏಳು ಗಂಟೆ, ಸಂಬಳದ ದಿನ, ಹಳೇ ಗೆಳೆಯನ ಬೈಕಿನ ಸದ್ದು, ಅಗ್ರಹಾರದ ಆ ತಿರುವು. ಕೇಂದ್ರದೊಳಗೆ ಇವು ಯಾವುವೂ ಇರಲ್ಲ. ಮನೆಗೆ ಬಂದ ದಿನವೇ ಎಲ್ಲವೂ ಒಟ್ಟಿಗೆ ಕೂಗಿ ಕರೆಯುತ್ತವೆ.

ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ದಾಸರಾಗಿದ್ದ ಅಮೆರಿಕನ್ ಸೈನಿಕರಲ್ಲಿ ಊರಿಗೆ ಮರಳಿದ ಮೊದಲ ವರ್ಷ ಮತ್ತೆ ದಾಸರಾದವರು ನೂರಕ್ಕೆ ಸುಮಾರು 5 ಮಂದಿ ಮಾತ್ರ ಅಂತ ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದರು. ಅವರು ಹೆರಾಯಿನ್ ಜೊತೆ ಆ ಜಾಗವನ್ನೂ ಬಿಟ್ಟು ಬಂದಿದ್ದರು. ನಮ್ಮ ಹುಡುಗರ ಕತೆ ಉಲ್ಟಾ. ಚಟ ಬಿಟ್ಟು ಅದೇ ಜಾಗಕ್ಕೇ ವಾಪಸ್ ಬರ್ತಾರೆ.

ಹಾಗಾದ್ರೆ ಊರು ಬಿಡಬೇಕಾ? ಬೇಡ. ದಾರಿ ಬದಲಿಸಬಹುದು. ಸಂಬಳ ಕೆಲವು ತಿಂಗಳು ಅಮ್ಮನ ಅಥವಾ ಹೆಂಡತಿಯ ಕೈಗೆ ಹೋಗಲಿ. ಹಸಿವು, ಸಿಟ್ಟು, ಒಂಟಿತನ, ಆಯಾಸ ಈ ನಾಲ್ಕರ ಮೇಲೆ ಕಣ್ಣಿರಲಿ; ಬಹಳ ಜನ ಜಾರುವುದು ಇಲ್ಲೇ. ಆಸೆ ಅನ್ನೋದು ಅಲೆ ಇದ್ದ ಹಾಗೆ, ಏರುತ್ತೆ, ಇಳಿಯುತ್ತೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಜೋರು ತಗ್ಗುತ್ತೆ. ಆ ಅರ್ಧ ಗಂಟೆಗೆ ಒಂದು ಫೋನ್ ನಂಬರ್, ಒಂದು ವಾಕಿಂಗ್ ಮೊದಲೇ ಗೊತ್ತಾಗಿರಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಮಾಡಿ ಸಭೆ ಸೇರಿಸೋದು ಇದಕ್ಕೇ. ಬಿಡಿಸೋದು ಕೆಲವು ದಿನದ ಕೆಲಸ, ಬಿಟ್ಟೇ ಇರೋದು ವರ್ಷಗಳ ಕೆಲಸ.

ಎರಡು ಎಚ್ಚರಿಕೆ. ದಿನವೂ ವಿಪರೀತ ಕುಡಿಯುವವರು ವೈದ್ಯರಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ. ಹೆರಾಯಿನ್‌ನಂಥದ್ದನ್ನು ಬಿಟ್ಟವರು ತಿಂಗಳ ನಂತರ ಹಳೇ ಪ್ರಮಾಣವನ್ನೇ ತಗೊಂಡರೆ ದೇಹ ತಡೆಯಲ್ಲ, ಉಸಿರೇ ನಿಲ್ಲಬಹುದು.

ಇನ್ನು ಆ ತಾಯಿಯ ಪ್ರಶ್ನೆ. ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞ ಹೇಳಿದ್ದು, ಜಾರುವುದು ಬೇರೆ, ಬೀಳುವುದು ಬೇರೆ. ಒಂದು ಪೆಗ್ ಜಾರಿಕೆ. "ಹೇಗೂ ಕೆಟ್ಟೆನಲ್ಲ, ಇನ್ನು ಬಾಟಲಿಯೇ ಆಗಲಿ" ಅನ್ನೋದು ಬೀಳುವಿಕೆ. ಎರಡರ ನಡುವೆ ನಿಂತಿರೋದು ನಾಚಿಕೆ. ನಾವು ಅವತ್ತು "ನೀನು ಉದ್ಧಾರ ಆಗಲ್ಲ" ಅಂದ್ರೆ ಅದೇ ನಾಚಿಕೆಗೆ ಎಣ್ಣೆ ಸುರಿದ ಹಾಗೆ.

ಹಾಗಂತ ದುಡ್ಡು ಕೊಡಬೇಡಿ, ಸುಳ್ಳು ಹೇಳಿ ರಕ್ಷಿಸಬೇಡಿ. ಅಮಲು ಇಳಿಯಲಿ. ಬೆಳಿಗ್ಗೆ ಊಟಕ್ಕೆ ಕೂರಿಸಿ ಒಂದೇ ಪ್ರಶ್ನೆ ಕೇಳಿ: "ನಿನ್ನೆ ಎಲ್ಲಿ, ಯಾರ ಜೊತೆ, ಏನಾದಾಗ ಹೀಗಾಯ್ತು?" ಆ ಉತ್ತರವೇ ಮುಂದಿನ ಔಷಧಿಯ ಚೀಟಿ. ಅದನ್ನು ಹಿಡಿದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತೆ, ಕಾಸು ಬೇಕಿಲ್ಲ.

ಅಮ್ಮಾ, ದುಡ್ಡು ಹೊಳೆಗೆ ಹೋಗಿಲ್ಲ. ಮಗ ಮೂರು ತಿಂಗಳು ಕುಡಿಯದೆ ಇದ್ದು ತೋರಿಸಿದ್ದಾನೆ. ಅವನಿಗೆ ಅದನ್ನು ಮೊದಲು ನೆನಪಿಸಿ.