ಸ್ಪೇನ್‌ನ ಟೊಮೆಟೊ ಹಬ್ಬಕ್ಕೆ ದೆಹಲಿಯಿಂದ ಹೋಗುವುದು ಹೇಗೆ? ವಿಮಾನ, ರೈಲು, ರಸ್ತೆ ಮಾಹಿತಿ ಇಲ್ಲಿದೆ

ನವದೆಹಲಿ: 2011ರ ಹಿಂದಿ ಚಿತ್ರ ‘ಜಿಂದಗಿ ನಾ ಮಿಲೇಗಿ ದೊಬಾರಾ’ದಿಂದ ಭಾರತೀಯರಿಗೆ ಚಿರಪರಿಚಿತವಾದ ಹಬ್ಬ ‘ಲಾ ಟೊಮಾಟಿನಾ’. ಸ್ಪೇನ್‌ನ ಬುನ್ಯೋಲ್ ಪಟ್ಟಣದಲ್ಲಿ ಪ್ರತಿ ವರ್ಷ ಆಗಸ್ಟ್‌ನ ಕೊನೆಯ ಬುಧವಾರ ಟೊಮೆಟೊ ಎರಚಾಟ ನಡೆಯುವುದು ಕೇವಲ ಒಂದು ಗಂಟೆ. ಅದು ತಪ್ಪಿದರೆ ಲಕ್ಷಾಂತರ ರೂಪಾಯಿ ಖರ್ಚು ಮಾಡಿಯೂ ಪ್ರಯೋಜನವಿಲ್ಲ. ಹಾಗಾಗಿ ದೆಹಲಿ, ನೋಯ್ಡಾ, ಗುರುಗ್ರಾಮದಿಂದ ಹೊರಡುವವರು ಹಬ್ಬದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುವುದು ಒಳ್ಳೆಯದು.

ಮೊದಲು ವೀಸಾ
ಷೆಂಗೆನ್ ವೀಸಾಗೆ 6 ತಿಂಗಳು ಮುಂಚಿತವಾಗಿ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನವಾಗುತ್ತದೆ, ಕೆಲವೊಮ್ಮೆ 45 ದಿನ ಹಿಡಿಯಬಹುದು. ವೀಸಾ ಕೈಸೇರುವವರೆಗೆ, ರದ್ದು ಮಾಡಿದರೆ ಹಣ ವಾಪಸ್ ಬಾರದಂಥ ಟಿಕೆಟ್ ಖರೀದಿಸಬೇಡಿ.

ವಿಮಾನ
ಮ್ಯಾಡ್ರಿಡ್‌ಗೆ ಅಥವಾ ಬುನ್ಯೋಲ್ ಸಮೀಪದ ವೇಲೆನ್ಸಿಯಾಗೆ ಹೋಗಬಹುದು. ನಡುವೆ ವಿಮಾನ ಬದಲಿಸಬೇಕಿದ್ದರೆ ಎಲ್ಲವನ್ನೂ ಒಂದೇ ಪಿಎನ್‌ಆರ್‌ನಲ್ಲಿ ಬುಕ್ ಮಾಡಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಪರ್ಯಾಯ ವ್ಯವಸ್ಥೆ ವಿಮಾನ ಸಂಸ್ಥೆಯ ಹೊಣೆಯಾಗುತ್ತದೆ. ಸೋಮವಾರವೇ ತಲುಪಿದರೆ ಒಂದು ದಿನ ಕೈಯಲ್ಲಿರುತ್ತದೆ.

ರೈಲು
ಮ್ಯಾಡ್ರಿಡ್‌ನಿಂದ ವೇಲೆನ್ಸಿಯಾಗೆ 2010ರಿಂದ ಹೈಸ್ಪೀಡ್ ರೈಲು ಓಡುತ್ತಿದೆ. ಪ್ರಯಾಣ ಸುಮಾರು 2 ಗಂಟೆ. ಬೇಗ ಬುಕ್ ಮಾಡಿದಷ್ಟೂ ದರ ಕಡಿಮೆ.

ರಸ್ತೆ
ವೇಲೆನ್ಸಿಯಾದಿಂದ ಬುನ್ಯೋಲ್‌ಗೆ ಸುಮಾರು 40 ಕಿ.ಮೀ. 2024ರ ಅಕ್ಟೋಬರ್ ಪ್ರವಾಹದಲ್ಲಿ ಇಲ್ಲಿನ ಸ್ಥಳೀಯ ರೈಲು ಮಾರ್ಗಕ್ಕೆ ಭಾರಿ ಹಾನಿಯಾಗಿತ್ತು. ಆದ್ದರಿಂದ ಹೊರಡುವ ಮುನ್ನ ರೈಲಿನ ವೇಳಾಪಟ್ಟಿ ಪರಿಶೀಲಿಸಿ. ಪ್ರವೇಶ ಟಿಕೆಟ್ ಜೊತೆಗೇ ಬಸ್ ಸೌಲಭ್ಯವಿರುವ ಪ್ಯಾಕೇಜ್ ಪಡೆದರೆ ಅನುಕೂಲ. 2013ರಿಂದ ಹಬ್ಬಕ್ಕೆ ಟಿಕೆಟ್ ಕಡ್ಡಾಯವಾಗಿದ್ದು, ಸಂಖ್ಯೆಗೂ ಮಿತಿಯಿದೆ. ಬುನ್ಯೋಲ್ ಸಣ್ಣ ಪಟ್ಟಣವಾದ್ದರಿಂದ ವಾಸ್ತವ್ಯಕ್ಕೆ ವೇಲೆನ್ಸಿಯಾವೇ ಸೂಕ್ತ.