ಮಸೂರದ ಡಿಎನ್ಎ ಮತ್ತು ಕಣ್ಣಿನ ಪೊರೆ

ಕಣ್ಣಿನ ಮಸೂರದ ಮುಂಭಾಗದಲ್ಲಿ ಒಂದೇ ಪದರದ ಜೀವಕೋಶಗಳಿವೆ. ಅಂಚಿನ ಬಳಿ ಅವು ಬದುಕಿಡೀ ಒಡೆದು ಎರಡಾಗುತ್ತ, ನೀಳವಾದ ನಾರುಕೋಶಗಳಾಗಿ ಒಳಗೆ ಸೇರುತ್ತವೆ. ಬೆಳಕು ತಡೆಯಿಲ್ಲದೆ ಹಾಯಬೇಕಾದ್ದರಿಂದ ನಾರಾಗುವಾಗ ನ್ಯೂಕ್ಲಿಯಸ್ ಕರಗುತ್ತದೆ, ಡಿಎನ್ಎಯನ್ನು ಒಂದು ಕಿಣ್ವ ಕತ್ತರಿಸಿಹಾಕುತ್ತದೆ. ಆ ಕಿಣ್ವವಿಲ್ಲದ ಇಲಿಗಳಲ್ಲಿ ಡಿಎನ್ಎ ಉಳಿದುಕೊಂಡು ಪೊರೆ ಬರುತ್ತದೆ. ಗರ್ಭದಲ್ಲಿ ಮೂಡಿದ ನಾರುಗಳು ಮುಪ್ಪಿನಲ್ಲೂ ಮಸೂರದ ನಡುವೆ ಹಾಗೆಯೇ ಇರುತ್ತವೆ; ಡಿಎನ್ಎ ಇಲ್ಲದ ಅವು ಕೆಟ್ಟ ಪ್ರೋಟೀನಿಗೆ ಬದಲಿ ತಯಾರಿಸಲಾರವು.

ಹಾಗಾಗಿ ಮುಂಪದರದ ಡಿಎನ್ಎಗೆ ಬೀಳುವ ಪೆಟ್ಟು ದೊಡ್ಡದು. ನೇರಳಾತೀತ ಕಿರಣ ಬಿದ್ದಾಗ ಡಿಎನ್ಎಯ ಘಟಕಗಳಾದ ಅಕ್ಕಪಕ್ಕದ ಥೈಮಿನ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಚುರುಕು ಆಮ್ಲಜನಕ ಇನ್ನೊಂದು ಘಟಕವಾದ ಗ್ವಾನಿನ್ ಅನ್ನು ಕೆಡಿಸುತ್ತದೆ. ದುರಸ್ತಿ ಕಿಣ್ವಗಳು ಬಹುಪಾಲು ಸರಿಪಡಿಸುತ್ತವೆ. ದುರಸ್ತಿ ತಪ್ಪಿದ ಕೋಶ ಸರಿಯಾದ ನಾರಾಗದೆ ಹೋಗಬಹುದು. ಡಿಎನ್ಎ ದುರಸ್ತಿಯ ಜೀನ್ ಕೆಟ್ಟಿರುವ ಕಾಕೇನ್ ರೋಗದ ಹಲವು ಮಕ್ಕಳಿಗೆ ಎಳವೆಯಲ್ಲೇ ಪೊರೆ ಬರುವುದು ಇದಕ್ಕೆ ಬಲವಾದ ಸಾಕ್ಷ್ಯ. ಕ್ಷಕಿರಣವೂ ಡಿಎನ್ಎಗೆ ಹಾನಿ ಮಾಡಿ ಪೊರೆ ತರಬಲ್ಲದು. ಅದಕ್ಕಾಗಿಯೇ ವಿಕಿರಣದ ನಡುವೆ ದುಡಿಯುವವರ ಕಣ್ಣಿಗೆ ವರ್ಷಕ್ಕೆ 150 ಮಿಲಿಸೀವರ್ಟ್ ಇದ್ದ ಮಿತಿಯನ್ನು 2011ರಲ್ಲಿ ಸರಾಸರಿ 20ಕ್ಕೆ ಇಳಿಸಲು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಶಿಫಾರಸು ಮಾಡಿತು. ಆದರೆ ವಯಸ್ಸಾದವರ ಪೊರೆಗೆ ಡಿಎನ್ಎ ಹಾನಿಯೊಂದೇ ಕಾರಣವಲ್ಲ; ಪ್ರೋಟೀನುಗಳು ಕೆಟ್ಟು ಗಂಟುಕಟ್ಟುವುದು, ಸಕ್ಕರೆ ಕಾಯಿಲೆ, ಬೀಡಿ ಹೊಗೆ, ಸ್ಟೀರಾಯ್ಡ್ ಔಷಧಿಗಳೂ ಸೇರಿಕೊಳ್ಳುತ್ತವೆ.

ನೇರಳಾತೀತ ಕಿರಣದ ಈ ಪೆಟ್ಟು ಬಿಸಿಲಿನ ನಾಡಿಗೆ ಮುಖ್ಯ ವಿಷಯ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಮಳೆ ಕಡಿಮೆಯ ಬಯಲುಸೀಮೆ. ಬಿಸಿಲು ಎಷ್ಟು ಹೇರಳವೆಂದರೆ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಎದ್ದಿದೆ. ಅದೇ ಬಿಸಿಲಲ್ಲಿ ಕಡ್ಲೆಕಾಯಿ ಹೊಲದ ಕಳೆ ತೆಗೆಯುವವರು, ಕುರಿ ಕಾಯುವವರು ದಿನವಿಡೀ ಇರುತ್ತಾರೆ. ಅಮೆರಿಕದ ಚೆಸಪೀಕ್ ಕೊಲ್ಲಿಯ 838 ಮೀನುಗಾರರ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೇರಳಾತೀತ ಬಿ ಕಿರಣ ಹೆಚ್ಚು ತಗುಲಿದವರಲ್ಲಿ ಮಸೂರದ ಹೊರಪದರದ ಪೊರೆ ಹೆಚ್ಚಾಗಿತ್ತು. ಅಗಲ ಅಂಚಿನ ಟೋಪಿ, ಕಿರಣ ತಡೆಯುವ ಕನ್ನಡಕ ಕಣ್ಣಿಗೆ ತಗಲುವ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸುತ್ತವೆ. ಹೊಲದ ಕೂಲಿಯವರಿಗೆ ಇವು ಸುಲಭವಾಗಿ ಸಿಗಬೇಕು.

ಬಂದ ಪೊರೆಯನ್ನು ಯಾವ ಹನಿ ಔಷಧಿಯೂ ಕರಗಿಸದು. ಮಂಜಾದ ಮಸೂರ ತೆಗೆದು ಕೃತಕ ಮಸೂರ ಕೂರಿಸಬೇಕು. ಪಾವಗಡದಲ್ಲೇ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದೆ. ಶಸ್ತ್ರಚಿಕಿತ್ಸೆಯ ನಂತರ ಕೆಲವರು "ಪೊರೆ ಮತ್ತೆ ಬಂತು" ಎನ್ನುವುದುಂಟು. ಮಸೂರ ಮರಳಿ ಬೆಳೆದಿರುವುದಿಲ್ಲ; ಮಸೂರದ ಚೀಲದಲ್ಲಿ ಉಳಿದ ಮುಂಪದರದ ಕೋಶಗಳು ಹಿಂಬದಿಗೆ ಹರಡಿರುತ್ತವೆ. ಲೇಸರ್‌ನಿಂದ ಅಲ್ಲೊಂದು ಕಿಂಡಿ ತೆರೆದರೆ ನೋಟ ತಿಳಿಯಾಗುತ್ತದೆ.